ಮಡ್ಡಿಗೆ ಬರುವ ಹಕ್ಕಿಗಳು



ನಮ್ಮ ಜತ್ತ ತಾಲ್ಲೂಕಿಗೆ ಪ್ರವಾಸ ಬನ್ನಿ ಎಂದು ಕರೆದರೆ ಕರೆಸಿಕೊಂಡವರು ಮೊದಲು ನಮ್ಮ ಮುಖ ನೋಡುತ್ತಾರೆ. ಈ ಸೀಮೆಯ ಹೆಸರು ಕೇಳಿದೊಡನೆ ಜನರ ನೆನಪಿಗೆ ಬರುವುದು ಬರಗಾಲ, ನೀರಿನ ಟ್ಯಾಂಕರು, ದನಗಳ ಛಾವಣಿ. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯಿಂದ ಜನ ನಡೆದು ಬರುತ್ತಾರೆ, ದೇವಿಗೆ ಕೈಮುಗಿದು ತಮ್ಮ ಊರಿನ ದಾರಿ ಹಿಡಿಯುತ್ತಾರೆ. ನೋಡಲಿಕ್ಕೆಂದು ಇಲ್ಲಿ ಉಳಿಯುವವರು ಕಡಿಮೆ. ಆದರೆ ಅದೇ ದಿನಗಳಲ್ಲಿ ಯಾರೂ ಕರೆಯದೆ ಬಂದು ನಾಲ್ಕೈದು ತಿಂಗಳು ಇಲ್ಲಿಯೇ ಇದ್ದು ಹೋಗುವವರ ವಿಷಯವನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಅವರು ಬರುವುದು ಕಝಾಕಸ್ತಾನದಿಂದ, ಮಂಗೋಲಿಯದ ಕಡೆಯಿಂದ. ಪಾಸ್‌ಪೋರ್ಟಿಲ್ಲ, ರಾಜ್ಯದ ಗಡಿಯ ತಕರಾರಿಲ್ಲ.

ನಾನು ಯಳವಿಯವನು. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಹಕ್ಕಿಗಳ ಪಂಡಿತನಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ದಿನ, ಬೆಂಗಳೂರಿನಿಂದ ಇಬ್ಬರು ಹುಡುಗರು ಮೋಟಾರಿನಲ್ಲಿ ಬಂದು ನಮ್ಮ ಕಟ್ಟೆಯ ಹತ್ತಿರ ನಿಲ್ಲಿಸಿದರು. ಅವರ ಕೊರಳಲ್ಲಿ ತೊಲೆಯಂಥ ಕ್ಯಾಮೆರಾ. “ಸರ್, ಇಲ್ಲಿ ಹುಲ್ಲುಗಾವಲು ಎಲ್ಲಿದೆ?” ಎಂದು ಕೇಳಿದರು. ಹುಲ್ಲುಗಾವಲೆಂದರೆ ನನಗೆ ಪಠ್ಯಪುಸ್ತಕದ ಚಿತ್ರ ನೆನಪಾಯಿತು. ಹಸಿರು, ಹಸು, ಹೊಳೆ. “ಅಂಥಾದ್ದು ನಮ್ಮಲ್ಲಿ ಎಲ್ಲಿ ಬರಬೇಕಪ್ಪಾ, ಇಲ್ಲಿರೂದು ಮಡ್ಡಿ ಒಂದೇ” ಎಂದೆ. ಆ ಹುಡುಗರ ಮುಖ ಅರಳಿತು. “ಅದೇ ಸರ್, ಅದನ್ನೇ ತೋರಿಸಿ” ಎಂದರು.

ಮಡ್ಡಿ ಎಂದರೇನೆಂದು ದಕ್ಷಿಣದ ಕೇಳುಗರಿಗೆ ಹೇಳಬೇಕು. ಕಪ್ಪು ಎರೆಯ ಹೊಲ ಮುಗಿದು ನೆಲ ತುಸು ಏರಿದಲ್ಲಿ ಕಲ್ಲು ಮೇಲೆ ಬರುತ್ತದೆ. ಮಣ್ಣು ಗೇಣುದ್ದವೂ ಇರುವುದಿಲ್ಲ. ನೇಗಿಲು ಓಡುವುದಿಲ್ಲ. ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು ಬರುತ್ತದೆ. ದೀಪಾವಳಿಯ ಹೊತ್ತಿಗೆ ಅದು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಲ್ಲಿ ಬಾರಿಯ ಕಂಟಿ, ಒಂದೊಂದು ಜಾಲಿ. ಕುರಿ ಮೇಯುತ್ತವೆ. ಮರಾಠಿಯಲ್ಲಿ ಇದಕ್ಕೆ ಮಾಳ ಎನ್ನುತ್ತಾರೆ. ನಾವೆಲ್ಲ ಇದನ್ನು ಪಾಳು ಎಂದೇ ತಿಳಿದು ಬೆಳೆದವರು.

ಈ ಹಕ್ಕಿಗಳನ್ನು ನೋಡಬೇಕೆಂದರೆ ನೀವು ಎಳ್ಳಮಾಸಿಯ ಆಸುಪಾಸಿನಲ್ಲಿ ಬನ್ನಿ. ಆಗ ನಸುಕಿನಲ್ಲಿ ಶಾಲು ಬೇಕಾಗುತ್ತದೆ. ಹತ್ತು ಗಂಟೆಗೆ ಶಾಲು ಹೆಗಲಿಗೆ ಭಾರವಾಗುತ್ತದೆ. ಮಧ್ಯಾಹ್ನ ಚಳಿಗಾಲವೆಂಬುದು ಸುಳ್ಳು ಎನ್ನುವಂತೆ ಬಿಸಿಲು. ಹಿಂಗಾರಿ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಎಳ್ಳಮಾಸಿಯ ದಿನ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತೇವೆ. ನೀವು ಬಂದರೆ ನಿಮಗೂ ಎಲೆ ಹಾಕುತ್ತೇವೆ, ಅದನ್ನು ಬೇರೆ ಹೇಳಬೇಕಾಗಿಲ್ಲ.

ಮುಂಜಾನೆ ಮೊದಲು ಕಾಣುವುದು ಗುಲಾಬಿ ಕಬ್ಬಕ್ಕಿ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ನಸುಗೆಂಪು. ನಮ್ಮ ಗಡಿಯಲ್ಲಿ ಮರಾಠಿ ಹೆಸರೇ ರೂಢಿ, ಭೋರಡ್ಯಾ. ಒಂದೊಂದಾಗಿ ಬರುವ ಹಕ್ಕಿಯಲ್ಲ ಇದು. ಮೋಡದ ನೆರಳು ಹೊಲದ ಮೇಲೆ ಹರಿದಂತೆ ನೂರಾರು ಒಟ್ಟಿಗೆ ಬರುತ್ತವೆ, ಒಂದೇ ಸಲ ಹೊರಳುತ್ತವೆ, ಒಂದೇ ಸಲ ತೆನೆಯ ಮೇಲೆ ಇಳಿಯುತ್ತವೆ. ಕ್ಯಾಮೆರಾದವರಿಗೆ ಅದು ಹಬ್ಬ. ಅಟ್ಟದ ಮೇಲೆ ಕವಣಿ ಹಿಡಿದು ನಿಂತ ರೈತನಿಗೆ ಅದು ಹಬ್ಬವಲ್ಲ. ಸೀತನಿ ಕಾಳಿನ ಹಾಲು ಗಟ್ಟಿಯಾಗುವ ಹೊತ್ತಿಗೆ ಈ ಹಿಂಡು ಒಂದು ತಾಸು ಕುಳಿತರೆ ಹೊಲದ ಅಂಚಿನ ತೆನೆಗಳು ಬೋಳಾಗುತ್ತವೆ. ಆದ್ದರಿಂದ ಬೆಳೆ ಕಾಯುವವನು ಕೂಗು ಹಾಕಿ ಹಿಂಡನ್ನು ಎಬ್ಬಿಸಿದರೆ, ಚಿತ್ರ ಕೆಟ್ಟಿತೆಂದು ದಯವಿಟ್ಟು ಸಿಟ್ಟಾಗಬೇಡಿ. ಒಬ್ಬ ಪಾಹುಣ ಹಾಗೆ ಸಿಟ್ಟಾದದ್ದನ್ನು ನಾನು ಕಂಡಿದ್ದೇನೆ. ಹೊಲ ಅವನದಲ್ಲ, ಜೋಳ ಅವನದಲ್ಲ, ಸಿಟ್ಟು ಮಾತ್ರ ಅವನದು.

ಇದೇ ಹಕ್ಕಿ ತನ್ನ ತವರಿನಲ್ಲಿ ರೈತರ ಗೆಳೆಯ ಎಂಬುದು ತಿಳಿದಾಗ ನನಗೆ ಸೋಜಿಗವಾಯಿತು. ಬೇಸಿಗೆಯಲ್ಲಿ ಮಧ್ಯ ಏಷ್ಯದ ಬಯಲುಗಳಲ್ಲಿ ಇದು ಮರಿ ಮಾಡುತ್ತದೆ, ಮರಿಗಳಿಗೆ ಮಿಡತೆ ತಿನ್ನಿಸುತ್ತದೆ. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಹಾವಳಿ ತಗ್ಗಿಸಲೆಂದು 1980ರ ದಶಕದಿಂದ ಈ ಹಕ್ಕಿಗಾಗಿಯೇ ಕಲ್ಲು, ಇಟ್ಟಿಗೆಯ ಗೂಡಿನ ತಾಣಗಳನ್ನು ಕಟ್ಟಿಕೊಟ್ಟಿದ್ದಾರೆ. ಅಲ್ಲಿ ಮನೆ ಕಟ್ಟಿ ಕರೆಯುತ್ತಾರೆ, ಇಲ್ಲಿ ಕವಣಿ ಬೀಸಿ ಕಳಿಸುತ್ತೇವೆ. ಎರಡೂ ಸರಿಯೇ, ಹೊಟ್ಟೆ ಎರಡೂ ಕಡೆ ಇದೆಯಲ್ಲ.

ಮಧ್ಯಾಹ್ನದ ಹೊತ್ತು ಚಿತ್ರ ತೆಗೆಯುವ ಗೋಜಿಗೆ ಹೋಗಬೇಡಿ. ಎರೆಯ ನೆಲ ಕಾದು ಬಿಸಿಲುಗುದುರೆ ಏಳುತ್ತದೆ. ದುರ್ಬೀನಿನಲ್ಲಿ ನೋಡಿದರೆ ಹಕ್ಕಿ ನೀರಿನೊಳಗೆ ನಿಂತು ಅಲುಗುತ್ತಿರುವಂತೆ ಕಾಣುತ್ತದೆ. ಎಷ್ಟು ಬೆಲೆಯ ಮಸೂರವಿದ್ದರೂ ಅದರ ಅಂಚು ಸ್ಪಷ್ಟವಾಗಿ ಸಿಕ್ಕುವುದಿಲ್ಲ. ಬೆಳಗಿನ ಏಳರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ, ಅಷ್ಟೇ ಕಾಲ. ಮಡ್ಡಿಯಲ್ಲಿ ನಿಂತ ಮನುಷ್ಯನನ್ನು ಹಕ್ಕಿ ಅರ್ಧ ಮೈಲಿನಿಂದ ನೋಡುತ್ತದೆ, ನಿಂತ ಗಾಡಿಗೆ ಅಷ್ಟು ಹೆದರುವುದಿಲ್ಲ. ಗಾಡಿಯಲ್ಲೇ ಸದ್ದಿಲ್ಲದೆ ಕುಳಿತರೆ ನೆಲಗುಬ್ಬಿ ಹತ್ತಿರವೇ ಬಂದು ಕಾಳು ಹೆಕ್ಕುತ್ತದೆ. ಪಖುರ್ಡಿ ಎಂದು ನಾವು ಕರೆಯುವ, ಪಾರಿವಾಳದಂತೆ ಕಾಣುವ ನೆಲದ ಹಕ್ಕಿಗಳು ಬೆಳಿಗ್ಗೆ ನೀರಿಗೆ ಹಾರಿ ಬರುತ್ತವೆ. ಅದರ ಗಂಡು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಮರಿಗಳಿಗೆ ಒಯ್ಯುತ್ತದೆ. ನೀರನ್ನು ಕೊಡದಲ್ಲಿ ಹೊತ್ತು ತಂದ ನಮ್ಮ ತಾಯಂದಿರಿಗೆ ಈ ಮಾತು ಹೇಳಿದಾಗ ಅವರು ನಗಲಿಲ್ಲ, ಹೌದೆಂದು ತಲೆದೂಗಿದರು.

ಇನ್ನು ಸಂಜೆಯ ಮಾತು. ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಆ ಬೆಂಗಳೂರಿನ ಹುಡುಗರು ಹುಡುಕಿಕೊಂಡು ಬಂದಿದ್ದು ಒಂದು ಜಾತಿಯ ಗಿಡುಗವನ್ನು. ಪುಸ್ತಕದ ಕನ್ನಡದಲ್ಲಿ ಸೆಳೆವ ಎನ್ನುತ್ತಾರೆ, ಮರಾಠಿಯಲ್ಲಿ ಭೋವತ್ಯಾ. ಉದ್ದ ರೆಕ್ಕೆ, ಉದ್ದ ಬಾಲ, ಹಗುರ ಮೈ. ಗಂಡು ಬೂದು ಬಣ್ಣದ್ದು, ಹೆಣ್ಣು ಕಂದು ಬಣ್ಣದ್ದು. ಬೇರೆ ಗಿಡುಗಗಳಂತೆ ಮುಗಿಲಿನಲ್ಲಿ ತೇಲುವುದಿಲ್ಲ. ಹುಲ್ಲಿನ ತುದಿ ಸವರುವಂತೆ ಕೆಳಗೆ ಹಾರುತ್ತ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು, ಹೊಲದಿಂದ ಹೊಲಕ್ಕೆ ಹೊಲಿಗೆ ಹಾಕಿದಂತೆ ಹೋಗುತ್ತದೆ. ಹಗಲೆಲ್ಲ ಹೀಗೆ ಒಂಟಿಯಾಗಿ ತಿರುಗಿದ ಹಕ್ಕಿಗಳು ಹೊತ್ತು ಮುಳುಗುವಾಗ ಒಂದೇ ಮಡ್ಡಿಗೆ ಬಂದು ಸೇರುತ್ತವೆ. ಮರದ ಮೇಲಲ್ಲ, ನೆಲದ ಮೇಲೆಯೇ, ಹುಲ್ಲಿನೊಳಗೆ ಮಲಗುತ್ತವೆ. ಗಿಡುಗ ನೆಲದಲ್ಲಿ ಮಲಗುತ್ತದೆಂದು ಅರವತ್ತು ವರ್ಷ ಇದೇ ಊರಲ್ಲಿ ಬಾಳಿದ ನನಗೆ ಗೊತ್ತಿರಲಿಲ್ಲ. ಕುರಿ ಕಾಯುವ ಅಜ್ಜನಿಗೆ ಗೊತ್ತಿತ್ತು. “ಅವು ಇಳಿಯೂ ಕಡೆ ಕುರಿ ಬಿಡೂದಿಲ್ರಿ ಮಾಸ್ತರ್ರ. ದೂರದ ಮಂದಿ, ದಣದ ಬಂದಿರ್ತಾವ” ಎಂದು ಅವನು ನನಗೆ ಹೇಳಿದ.

ಅವು ದೂರದವೆಂಬುದು ಅಜ್ಜನ ಊಹೆಯಲ್ಲ, ದಿಟವೇ. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದಲ್ಲಿ ಸೆಳೆವಗಳನ್ನು ಹಿಡಿದು, ಬೆನ್ನಿಗೆ ಪುಟ್ಟ ಉಪಗ್ರಹ ಸಾಧನ ಕಟ್ಟಿ ಬಿಟ್ಟು, ಅವು ಕಝಾಕಸ್ತಾನದ ಬಯಲುಗಳವರೆಗೆ ಹೋಗುವುದನ್ನು ಗುರುತಿಸಿದ್ದಾರೆ. ಮೂರ್ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಅಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿದಾಗ ಇಲ್ಲಿಯ ಬಿಸಿಲು ಅವಕ್ಕೆ ಬೇಕು, ಅದಕ್ಕಿಂತ ಹೆಚ್ಚಾಗಿ ಇಲ್ಲಿಯ ಮಿಡತೆ ಬೇಕು. ಮಲಗಿದ ಜಾಗದಲ್ಲಿ ಅವು ಉಗುಳಿದ ಪುಟ್ಟ ಉಂಡೆಗಳು ಸಿಗುತ್ತವೆ. ಬೆಳಿಗ್ಗೆ ಹಕ್ಕಿಗಳೆಲ್ಲ ಹಾರಿಹೋದ ಮೇಲೆ ಒಂದನ್ನು ತಂದು ಶಾಲೆಯ ಮಕ್ಕಳ ಮುಂದೆ ನೀರಲ್ಲಿ ನೆನೆಸಿ ಬಿಡಿಸಿದೆ. ಮಿಡತೆಯ ಕಾಲು, ಮಿಡತೆಯ ತಲೆ, ಒಂದಿಷ್ಟು ಇಲಿಯ ಕೂದಲು. ಕೋಳಿಮರಿ ಒಯ್ಯುವ ಕಳ್ಳನೆಂದು ನಾವು ಅದುವರೆಗೆ ಬೈದದ್ದು ಮಿಡತೆ ತಿಂದು ಬದುಕುವ ಹಕ್ಕಿಯನ್ನು.

ಈಗ ನನ್ನ ತಪ್ಪಿನ ಮಾತೊಂದನ್ನು ಹೇಳಿಬಿಡುತ್ತೇನೆ. ಆ ಹುಡುಗರು ಹೋದ ಮೇಲೆ ನನಗೂ ಹುಚ್ಚು ಹತ್ತಿತು. ಮಗನ ಕಡೆಯಿಂದ ಒಂದು ಹಳೆಯ ಕ್ಯಾಮೆರಾ ತರಿಸಿಕೊಂಡೆ. ಅದರ ಮಸೂರ ಚಿಕ್ಕದು; ದೂರದ ಹಕ್ಕಿ ಸಾಸಿವೆ ಕಾಳಿನಷ್ಟು ಬರುತ್ತಿತ್ತು. ಮಲಗುವ ಹಕ್ಕಿಯ ಚಿತ್ರ ಹತ್ತಿರದಿಂದ ತೆಗೆಯಬೇಕೆಂಬ ಆಸೆ. ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಬಾರಿಯ ಕಂಟಿ ಮರೆ ಮಾಡಿಕೊಂಡು ಒಳಗೆ ನಡೆದೆ. “ಹೋಗಬ್ಯಾಡ್ರಿ ಮಾಸ್ತರ್ರ” ಎಂದು ಅಜ್ಜ ದೂರದಿಂದ ಕೂಗಿದ್ದು ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ನಡೆದೆ. ಕಾಲ ಕೆಳಗಿನಿಂದ ಒಂದು ಎದ್ದಿತು, ಅದರ ಸಪ್ಪಳಕ್ಕೆ ಇನ್ನೊಂದು, ಆಮೇಲೆ ಮಡ್ಡಿಯೆಲ್ಲ ಎದ್ದಿತು. ಕತ್ತಲಲ್ಲಿ ಅವು ನನ್ನ ತಲೆಯ ಮೇಲೆ ಸುತ್ತು ಹಾಕಿದವು. ಇಳಿಯಲು ಬಂದವು, ನನ್ನನ್ನು ಕಂಡು ಮತ್ತೆ ಮೇಲೆ ಹೋದವು. ಚಿತ್ರ ಬರುವಷ್ಟು ಬೆಳಕು ಇರಲಿಲ್ಲ. ನಾನು ಅಲ್ಲಿಯೇ ಕುಕ್ಕರಿಸಿ ಕುಳಿತುಬಿಟ್ಟೆ, ಏಳಲೂ ಹೆದರಿಕೆ. ಕೊನೆಗೆ ಸಪ್ಪಳ ನಿಂತಿತು. ಅವು ಎಲ್ಲಿಗೆ ಹೋದವೋ.

ಮರುದಿನ ಸಂಜೆ ಒಂದೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವರ್ಷದ ಹಂಗಾಮಿನಲ್ಲಿ ಅವು ಆ ತುಣುಕಿಗೆ ಮತ್ತೆ ಇಳಿಯಲಿಲ್ಲ. ಅಜ್ಜ ನನ್ನನ್ನು ಬೈಯಲಿಲ್ಲ. ಹಾದಿಯಲ್ಲಿ ಸಿಕ್ಕಾಗ “ಆರಾಮ ಅದೀರ್ಯಾ” ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದ. ಬೈದಿದ್ದರೆ ಚಲೋ ಇತ್ತು.

ಮುಂದಿನ ವರ್ಷ ಬಂದವು. ಹಳೆಯ ಜಾಗದಲ್ಲಲ್ಲ, ಇನ್ನೊಂದು ಏರಿನ ಮೇಲೆ. ಆಗ ಹೋದ ಜೀವ ಬಂದಂತಾಯಿತು. ಆದರೆ ಆಗಲೇ ನನಗೆ ಇನ್ನೊಂದು ಕಣ್ಣಿಗೆ ಬಿತ್ತು. ಬೆದರಿದ ಹಕ್ಕಿಗೆ ಹೋಗಲು ಇನ್ನೊಂದು ಏರು ಇತ್ತು, ಆದ್ದರಿಂದ ಬಂದವು. ಅದೂ ಇಲ್ಲದಿದ್ದರೆ?

ಇದು ಬರಿಯ ನನ್ನ ಭಯವಲ್ಲ. ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡು ಎಂಬಲ್ಲಿ 1980ರ ದಶಕದ ನಡುವೆ ಒಂದು ಸಾವಿರಕ್ಕೂ ಹೆಚ್ಚು ಸೆಳೆವಗಳು ರಾತ್ರಿ ಇಳಿಯುತ್ತಿದ್ದವು. 2016ರ ಹೊತ್ತಿಗೆ ಅಲ್ಲಿ ನೂರು ಕೂಡ ಇರಲಿಲ್ಲವೆಂದು ಲೆಕ್ಕ ಹಾಕಿದವರು ಬರೆದಿದ್ದಾರೆ. ನಮಗೆ ಹತ್ತಿರದ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ಎರೆಭೂತ ಹಕ್ಕಿಗೆಂದೇ ಅಭಯಾರಣ್ಯ ಮಾಡಿದರು. ಮರಾಠಿಯಲ್ಲಿ ಮಾಳಢೋಕ್ ಎನ್ನುವ, ದೊಡ್ಡ ಗಾತ್ರದ ಆ ಹಕ್ಕಿ ಈಗ ಇಡೀ ದೇಶದಲ್ಲಿ ಇನ್ನೂರರ ಒಳಗೆ ಉಳಿದಿದೆ, ಅದೂ ಬಹುಪಾಲು ರಾಜಸ್ತಾನದಲ್ಲಿ. ಸೊಲ್ಲಾಪುರದ ಕಡೆ ಒಂದು ಕಂಡರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸೊಲ್ಲಾಪುರದಲ್ಲೇ ಹುಟ್ಟಿ, 2025ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಅರಣ್ಯಾಧಿಕಾರಿ ಮಾರುತಿ ಚಿತಂಪಲ್ಲಿಯವರು ಮರಾಠಿಯಲ್ಲಿ ಪಕ್ಷಿಕೋಶವನ್ನೇ ಮಾಡಿಟ್ಟು ಹೋದರು. ಹಕ್ಕಿ ಹೋದ ಮೇಲೆ ಕೋಶದಲ್ಲಿ ಹೆಸರೊಂದು ಉಳಿಯುತ್ತದೆ.

ಮಡ್ಡಿ ಹೋಗುವುದು ಹೇಗೆ? ಯಾರೂ ದುಷ್ಟತನದಿಂದ ಕೆಡಿಸುವುದಿಲ್ಲ. ಕೇಂದ್ರ ಸರ್ಕಾರ 2000ನೇ ಇಸವಿಯಿಂದ ಆಗಾಗ ಪ್ರಕಟಿಸುತ್ತ ಬಂದ ಬಂಜರು ಭೂಮಿಯ ನಕಾಶೆಗಳಿವೆ. ಕುರುಚಲು ನೆಲ, ಸೊರಗಿದ ಹುಲ್ಲುಗಾವಲು ಎಂಬವೆಲ್ಲ ಅದರಲ್ಲಿ ಬಂಜರಿನ ಲೆಕ್ಕಕ್ಕೆ ಸೇರುತ್ತವೆ. ಬಂಜರು ಎಂದು ಬರೆದ ಮೇಲೆ ಅದನ್ನು ಏನಾದರೂ ಮಾಡಬೇಕಲ್ಲ. ಗಿಡ ನೆಡು, ಗಾಳಿಯಂತ್ರ ನಿಲ್ಲಿಸು, ಜೆಸಿಬಿ ತಂದು ಕಲ್ಲು ತೆಗೆದು ಎರೆ ಮಣ್ಣು ಹೇರು, ದ್ರಾಕ್ಷಿ ಹಚ್ಚು, ದಾಳಿಂಬೆ ಹಚ್ಚು.

ಇಲ್ಲಿ ನಾನು ಎರಡು ಮನಸ್ಸಿನವನು, ಮುಚ್ಚಿಡುವುದಿಲ್ಲ. ಮ್ಹೈಸಾಳ ಏತ ನೀರಾವರಿಯ ಕೃಷ್ಣೆಯ ನೀರಿಗಾಗಿ ಈ ತಾಲ್ಲೂಕು ಎಷ್ಟು ವರ್ಷ ಕಾದಿದೆ ಎಂಬುದು ನಿಮಗೆ ಗೊತ್ತು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಇಲ್ಲಿಯ ಹಳ್ಳಿಗಳು ಎತ್ತಿದ ಮಾತು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ವಿಧಾನಸೌಧದವರೆಗೆ ಹೋಯಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಮನೆಯವರಲ್ಲಿ ನನ್ನವಳೂ ಒಬ್ಬಳು. ಹಕ್ಕಿಗಾಗಿ ನೀರು ಬೇಡ ಎಂದು ಹೇಳುವ ನಾಲಿಗೆ ನನಗಿಲ್ಲ. ಕಾಲುವೆ ಬರಲಿ, ಎರೆಯ ಹೊಲ ನೆನೆಯಲಿ. ಆದರೆ ನೆನೆಸಿದರೂ ಬೆಳೆಯದ ಕಲ್ಲು ಮಡ್ಡಿಯನ್ನೂ ಪಾಳು ಬಿದ್ದಿದೆ ಎಂದು ಅಗೆಯುವುದು ಏಕೆ? ಅಲ್ಲಿ ಕುರಿಗೆ ಮೇವಿದೆ, ಕುರಿಯಿಂದ ಹೊಲಕ್ಕೆ ಗೊಬ್ಬರವಿದೆ, ಮಿಡತೆಗೆ ಗಿಡುಗವಿದೆ. ಗಾಯರಾಣದ ವಿಷಯ ಪಂಚಾಯತಿಯ ಸಭೆಗೆ ಬಂದಾಗ ನಾನು ಎದ್ದು ಇಷ್ಟು ಹೇಳಿದೆ. “ಮಾಸ್ತರ್ರಿಗೆ ಪೆನ್ಷನ್ ಬರ್ತೈತಿ, ಹಕ್ಕಿ ನೋಡ್ತಾರ” ಎಂದು ಒಬ್ಬರು ಹೇಳಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಜ್ಜ ಮಾತ್ರ ನಗಲಿಲ್ಲ. “ನನಗ ಪೆನ್ಷನ್ ಇಲ್ಲ, ನನಗೂ ಮಡ್ಡಿ ಬೇಕು” ಎಂದ. ವಿಷಯ ಮುಂದಿನ ಸಭೆಗೆ ಹೋಯಿತು. ಇನ್ನೂ ಮುಂದಿನ ಸಭೆಯಲ್ಲೇ ಇದೆ.

ನೀವು ಬರುವುದಾದರೆ ದಾರಿ ಸುಲಭ. ವಿಜಯಪುರದಿಂದ ತಿಕೋಟಾ ಮೇಲೆ ಹಾಯ್ದು ಜತ್ತಕ್ಕೆ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಮೀರಜಿನಲ್ಲಿ ಇಳಿಯಿರಿ. ಪಂಢರಪುರದ ಮಾರ್ಗದಲ್ಲಿ ಜತ್ತ ರೋಡ್ ಎಂಬ ನಿಲ್ದಾಣದ ಹೆಸರು ನೋಡಿ ಇಳಿದು ಮೋಸ ಹೋಗಬೇಡಿ. ಅಲ್ಲಿ ರೋಡ್ ಇದೆ, ಜತ್ತ ಇನ್ನೂ ದೂರವಿದೆ. ಬಂದ ಮೇಲೆ ಕುರಿ ಕಾಯುವವರನ್ನು ಮೊದಲು ಮಾತನಾಡಿಸಿ, ಅವರು ನಿಲ್ಲು ಎಂದಲ್ಲಿ ನಿಲ್ಲಿ. ಸಂಜೆ ನಾಲ್ಕೂವರೆಗೆ ಮುಂಚೆಯೇ ಜಾಗ ಹಿಡಿದು ಕುಳಿತುಬಿಡಿ, ಹಕ್ಕಿ ಇಳಿಯತೊಡಗಿದ ಮೇಲೆ ಹೆಜ್ಜೆ ಕೀಳಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ. ಅವು ಮಲಗುವ ಏರು ಯಾವುದೆಂದು ಊರಿಗೆಲ್ಲ ಸಾರುವುದೂ ಬೇಡ. ನಾನೂ ಈಗ ಹೇಳಿಲ್ಲ, ನೀವು ಗಮನಿಸಿರಬಹುದು.

ಆ ಬೆಂಗಳೂರಿನ ಹುಡುಗರು ಮರುವರ್ಷ ತಾವು ತೆಗೆದ ಚಿತ್ರವೊಂದನ್ನು ದೊಡ್ಡದು ಮಾಡಿಸಿ ಕಳಿಸಿದ್ದರು. ಬೂದು ಬಣ್ಣದ ಗಂಡು ಸೆಳೆವ, ಹಳದಿ ಕಣ್ಣು, ರೆಕ್ಕೆಯ ಒಂದೊಂದು ಗರಿಯೂ ಎಣಿಸುವಂತೆ. ಹಿಂದೆ ನಯವಾದ ಹೊನ್ನಿನ ಬಣ್ಣ ಬಿಟ್ಟರೆ ಏನೂ ಇಲ್ಲ. ದೊಡ್ಡ ಮಸೂರದ ಗುಣವೇ ಹಾಗೆ, ಹಿಂದಿನದೆಲ್ಲ ಕರಗಿಹೋಗುತ್ತದೆ. ನಾನು ಅದನ್ನು ಅಜ್ಜನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ. ಆಮೇಲೆ ಹೇಳಿದ:

“ಹಕ್ಕಿ ಭಾಳ ಚಂದ ಬಂದೈತ್ರಿ. ಆದ್ರ ಇದರಾಗ ಮಡ್ಡಿನ ಇಲ್ಲಲ್ರಿ ಮಾಸ್ತರ್ರ.”

ಆ ಮಾತನ್ನು ಹುಡುಗರಿಗೆ ಕಾಗದ ಬರೆದು ತಿಳಿಸಿದೆ. ಕಳೆದ ಜನವರಿಯಲ್ಲಿ ಅವರು ಮತ್ತೆ ಬಂದರು. ಈ ಸಲ ದೊಡ್ಡ ಮಸೂರ ಚೀಲದಲ್ಲೇ ಇಟ್ಟು, ಸಣ್ಣದರಿಂದ ಒಂದು ಚಿತ್ರ ತೆಗೆದರು. ಅದು ಈಗ ನಮ್ಮ ಶಾಲೆಯ ಗೋಡೆಯ ಮೇಲಿದೆ. ಒಣಹುಲ್ಲಿನ ಏರು, ದೂರದಲ್ಲಿ ಗಾಳಿಯಂತ್ರ, ಬದಿಯಲ್ಲಿ ಕುರಿಯ ಹಿಂಡು, ಕಂಬಳಿ ಹೊದ್ದ ಅಜ್ಜ. ಮುಗಿಲಿನಲ್ಲಿ ನಾಲ್ಕೈದು ಕಪ್ಪು ಚುಕ್ಕೆಗಳು. ಅವು ಏನೆಂದು ಕೇಳಿದರೆ ಮಕ್ಕಳು ಹೇಳುತ್ತಾರೆ.